ವಂಶಾವಳಿಯ ಬಾಗಿಲು

ಹೊಸ ಒಡಂಬಡಿಕೆಯ ಮೊದಲ ಪುಟವನ್ನು ತೆರೆದವರಿಗೆ ಕಾಣುವುದು ಹೆಸರುಗಳ ಒಂದು ಉದ್ದನೆಯ ಪಟ್ಟಿ. ಅಬ್ರಹಾಮನಿಂದ ಹೊರಟು, ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಇಳಿಯುತ್ತ, ಕೊನೆಗೆ ಯೇಸುವಿನಲ್ಲಿ ಬಂದು ನಿಲ್ಲುವ ಈ ಪಟ್ಟಿಯನ್ನು ಬಹುಮಂದಿ ಓದುವುದಿಲ್ಲ; ಕಣ್ಣಾಡಿಸಿ ಮುಂದಿನ ಕಥೆಗೆ ಹೋಗಿಬಿಡುತ್ತಾರೆ. ಆದರೆ ಸುವಾರ್ತೆಯನ್ನು ಬರೆದ ಮತ್ತಾಯನಿಗೆ ಇದಕ್ಕಿಂತ ತಕ್ಕ ಆರಂಭ ಇನ್ನೊಂದು ತೋರಲಿಲ್ಲ.

ನಮ್ಮ ತಾಮ್ರಶಾಸನಗಳನ್ನು ಬಲ್ಲವರಿಗೆ ಇಂಥ ಆರಂಭ ಹೊಸದಲ್ಲ. ದಾನ ಕೊಟ್ಟ ಅರಸನ ಹೆಸರು ಬರುವ ಮೊದಲೇ ಅವನ ಅಜ್ಜ ಮುತ್ತಜ್ಜಂದಿರು ಬಿರುದುಬಾವಲಿಗಳೊಡನೆ ಸಾಲುಗಟ್ಟಿ ಬರುತ್ತಾರೆ. ಬಾದಾಮಿಯ ಚಾಲುಕ್ಯರು ತಾವು ಮಾನವ್ಯಗೋತ್ರದವರು, ಹಾರೀತೀಪುತ್ರರು ಎಂದು ಹೇಳಿಕೊಂಡೇ ಮುಂದಿನ ಮಾತಿಗೆ ತೊಡಗುತ್ತಾರೆ. ಅಲ್ಲಿ ವಂಶಾವಳಿಯೆಂಬುದು ಅಧಿಕಾರದ ಸನ್ನದು. ಮತ್ತಾಯನ ಪಟ್ಟಿಯೂ ಮೇಲುನೋಟಕ್ಕೆ ಅಂಥದೊಂದು ಸನ್ನದೇ. ಯೇಸು ದಾವೀದರಾಜನ ಸಂತತಿಯವನೆಂದು ಸಾರುವುದೇ ಅದರ ಮೊದಲ ಕೆಲಸ. ಆದರೆ ಯಾವ ಶಾಸನಕವಿಯೂ ತನ್ನ ಅರಸನ ವಂಶದಲ್ಲಿ ಬರೆಯಲು ಹಿಂಜರಿಯುತ್ತಿದ್ದ ಹೆಸರುಗಳು ಅದರಲ್ಲಿವೆ. ಅವು ಅಲ್ಲಿಗೆ ಏಕೆ ಬಂದವು, ಅವುಗಳಿಂದ ಕ್ರೈಸ್ತ ವಿಶ್ವಾಸಕ್ಕೆ ಒದಗಿದುದೇನು ಎಂಬುದನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು.

ಹಳೆಯ ಒಡಂಬಡಿಕೆ ವಂಶಾವಳಿಗಳಿಂದ ತುಂಬಿದ ಗ್ರಂಥ. ಆದಿಕಾಂಡದಲ್ಲಿ ಆದಾಮನಿಂದ ನೋಹನವರೆಗೆ ಹತ್ತು ತಲೆಮಾರು. ನೋಹನ ಮಗನಾದ ಶೇಮನಿಂದ ಅಬ್ರಹಾಮನವರೆಗೆ ಮತ್ತೆ ಹತ್ತು. ಇವೆರಡರ ನಡುವೆ, ಆಗ ತಿಳಿದಿದ್ದ ಜನಾಂಗಗಳನ್ನೆಲ್ಲ ನೋಹನ ಮೂವರು ಮಕ್ಕಳ ಸಂತಾನವೆಂದು ಹೇಳುವ ಒಂದು ದೊಡ್ಡ ಪಟ್ಟಿಯಿದೆ. ಪೂರ್ವಕಾಲವೃತ್ತಾಂತದ ಮೊದಲ ಭಾಗವಂತೂ ಒಂಬತ್ತು ಅಧ್ಯಾಯಗಳ ಉದ್ದಕ್ಕೂ ಹೆಸರುಗಳನ್ನೇ ಹೇಳುತ್ತದೆ. ಇವು ಬೇಸರ ಕಳೆಯಲು ಬರೆದವಲ್ಲ. ಇಸ್ರಾಯೇಲ್ಯರಲ್ಲಿ ಭೂಮಿ ಹಂಚಿಹೋಗುತ್ತಿದ್ದುದು ಕುಲಗೋತ್ರಗಳ ಮೇಲೆ. ಯಾಜಕನಾಗಬೇಕಾದವನು ಆರೋನನ ವಂಶದವನಾಗಿರಬೇಕು. ಯೆರೂಸಲೇಮಿನ ಸಿಂಹಾಸನವೇರುವವನು ದಾವೀದನ ವಂಶದವನಾಗಿರಬೇಕು. ಹೊಲಕ್ಕೂ ಪೂಜೆಗೂ ಪಟ್ಟಕ್ಕೂ ಹೀಗೆ ವಂಶಾವಳಿಯೇ ದಾಖಲೆಯಾಗಿತ್ತು.

ಈ ದಾಖಲೆಗಳನ್ನು ಕಾಲಗಣನೆಯ ಪಂಚಾಂಗವೆಂದು ಓದಿದವರೂ ಉಂಟು. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ ಎಂಬ ಮಹಾವಿದ್ವಾಂಸನು ಆದಿಕಾಂಡದ ವಯಸ್ಸುಗಳನ್ನು ಕೂಡಿಸಿ, ಇತರ ದೇಶಗಳ ಚರಿತ್ರೆಯೊಡನೆ ತಾಳೆನೋಡಿ, ಪ್ರಪಂಚದ ಸೃಷ್ಟಿ ಕ್ರಿ.ಪೂ. ೪೦೦೪ರಲ್ಲಿ ನಡೆಯಿತೆಂದು ೧೬೫೦ರಲ್ಲಿ ಪ್ರಕಟಿಸಿದನು. ಮುಂದೆ ಇಂಗ್ಲಿಷ್ ಬೈಬಲಿನ ಅಂಚಿನಲ್ಲಿ ಆ ವರ್ಷವೂ ಅಚ್ಚಾಯಿತು. ಓದುಗರು ಅದನ್ನು ವೇದವಾಕ್ಯವೆಂದೇ ನಂಬಿದರು. ಆದರೆ ಬೈಬಲಿನ ಹೀಬ್ರೂ ಪಾಠಕ್ಕೂ ಹಳೆಯ ಗ್ರೀಕ್ ಭಾಷಾಂತರಕ್ಕೂ ಈ ವಯಸ್ಸುಗಳಲ್ಲಿ ನೂರಾರು ವರ್ಷಗಳ ಅಂತರವಿದೆ. ಶೇಮನ ಪೀಳಿಗೆಯಲ್ಲಿ ಗ್ರೀಕ್ ಪಾಠ ಹೇಳುವ ಕಯಿನಾನನೆಂಬವನು ಹೀಬ್ರೂ ಪಾಠದಲ್ಲಿ ಇಲ್ಲವೇ ಇಲ್ಲ. ಆ ಕಾಲದವರು ನಡುವಣ ತಲೆಗಳನ್ನು ಬಿಟ್ಟು ಹಿರಿಯನನ್ನೂ ದೂರದ ವಂಶಜನನ್ನೂ ತಂದೆಮಕ್ಕಳೆಂದು ಕರೆಯಲು ಅಂಜುತ್ತಿರಲಿಲ್ಲ. ಎಷ್ಟು ವರ್ಷ ಕಳೆಯಿತು ಎಂಬುದಕ್ಕಿಂತ ಯಾರು ಯಾರಿಗೆ ಸೇರಿದವರು ಎಂಬುದೇ ಅವರಿಗೆ ಮುಖ್ಯವಾಗಿತ್ತು. ವಂಶಾವಳಿ ಉತ್ತರ ಹೇಳುತ್ತಿದ್ದುದು ಆ ಎರಡನೆಯ ಪ್ರಶ್ನೆಗೆ.

ಆ ಪ್ರಶ್ನೆ ಎಷ್ಟು ಕಠಿನವಾಗಬಲ್ಲುದೆಂಬುದು ಬಾಬಿಲೋನಿನ ಸೆರೆಯ ನಂತರ ಕಂಡುಬಂತು. ಕ್ರಿ.ಪೂ. ೫೮೬ರ ಸುಮಾರಿಗೆ ನೆಬೂಕದ್ನೆಚ್ಚರನು ಯೆರೂಸಲೇಮನ್ನೂ ಅದರ ದೇವಾಲಯವನ್ನೂ ಹಾಳುಗೆಡವಿ, ಜನರನ್ನು ಬಾಬಿಲೋನಿಗೆ ಒಯ್ದನು. ಕ್ರಿ.ಪೂ. ೫೩೯ರಲ್ಲಿ ಪಾರಸಿಕರ ಕೋರೆಷನು ಬಾಬಿಲೋನನ್ನು ಗೆದ್ದ ಮೇಲೆ ಅವರಿಗೆ ತಾಯ್ನಾಡಿಗೆ ಹಿಂದಿರುಗಲು ಅಪ್ಪಣೆ ದೊರೆಯಿತು. ಹಿಂದಿರುಗಿದ ಸಮೂಹದ ಒಟ್ಟು ಸಂಖ್ಯೆ ೪೨,೩೬೦ ಎಂದೂ, ಅವರ ದಾಸದಾಸಿಯರು ೭,೩೩೭ ಎಂದೂ ಎಜ್ರನ ಗ್ರಂಥ ಲೆಕ್ಕ ಕೊಡುತ್ತದೆ. ಆ ಲೆಕ್ಕದ ಕೊನೆಯಲ್ಲಿ ಒಂದು ನೋವಿನ ಸಂಗತಿಯಿದೆ. ೬೫೨ ಮಂದಿಗೆ ತಾವು ಇಸ್ರಾಯೇಲ್ಯರೇ ಹೌದೆಂದು ತೋರಿಸಲು ಪಿತೃಗಳ ದಾಖಲೆ ಸಿಕ್ಕಲಿಲ್ಲ. ಯಾಜಕರಲ್ಲಿಯೂ ಮೂರು ಮನೆತನದವರು ತಮ್ಮ ವಂಶದ ಪಟ್ಟಿಯನ್ನು ಹುಡುಕಿದರು, ಅದು ದೊರೆಯಲಿಲ್ಲ. ಅವರನ್ನು ಅಶುದ್ಧರೆಂದು ಎಣಿಸಿ ಯಾಜಕತ್ವದಿಂದ ಹೊರಗಿಟ್ಟರು. ದೈವನಿರ್ಣಯ ಹೇಳಬಲ್ಲ ಯಾಜಕನೊಬ್ಬನು ಬರುವವರೆಗೆ ಪವಿತ್ರ ನೈವೇದ್ಯವನ್ನು ಅವರು ಮುಟ್ಟಕೂಡದೆಂದು ಅಧಿಪತಿ ಕಟ್ಟಳೆ ಮಾಡಿದನು. ಆ ಮೂರರಲ್ಲಿ ಒಂದು ಮನೆತನದ ಮೂಲಪುರುಷನು ಬರ್ಜಿಲ್ಲೈ ಎಂಬವನ ವಂಶದ ಹೆಣ್ಣನ್ನು ಮದುವೆಯಾಗಿ, ಹೆಂಡತಿಯ ಮನೆತನದ ಹೆಸರನ್ನೇ ಇಟ್ಟುಕೊಂಡಿದ್ದನಂತೆ. ಸೆರೆಯಲ್ಲಿ ಎರಡು ತಲೆಮಾರು ಕಳೆದು, ಮರುಭೂಮಿಯನ್ನು ಬಳಸಿ, ಹಾಳುಬಿದ್ದ ಊರಿಗೆ ನಡೆದುಬಂದವರಿಗೆ ಊರ ಬಾಗಿಲಲ್ಲಿ ದೊರೆತ ಸ್ವಾಗತ ಇದು.

ಮುಂದೆ ಎಜ್ರನ ಕಾಲದಲ್ಲಿ ಈ ಕಟ್ಟು ಇನ್ನೂ ಬಿಗಿಯಾಯಿತು. ಅನ್ಯಜನಾಂಗದ ಹೆಣ್ಣುಗಳನ್ನು ಮದುವೆಯಾಗಿದ್ದವರು ಆ ಹೆಂಡಿರನ್ನೂ ಅವರಲ್ಲಿ ಹುಟ್ಟಿದ ಮಕ್ಕಳನ್ನೂ ಕಳುಹಿಸಿಬಿಡಬೇಕೆಂದು ನಿರ್ಣಯವಾಯಿತು. ಇದನ್ನು ಬರಿಯ ಕ್ರೌರ್ಯವೆಂದು ಹೇಳಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ರಾಜ್ಯ ಹೋಗಿತ್ತು, ಸೈನ್ಯವಿರಲಿಲ್ಲ. ದೊಡ್ಡದೊಂದು ಸಾಮ್ರಾಜ್ಯದ ಮೂಲೆಯಲ್ಲಿ ಹಿಡಿಯಷ್ಟು ಜನ ತಮ್ಮ ದೇವರನ್ನೂ ಧರ್ಮವನ್ನೂ ಉಳಿಸಿಕೊಳ್ಳಬೇಕಾಗಿತ್ತು. ಬೇಲಿ ಹಾಕದಿದ್ದರೆ ಉಳಿಯಲಾರೆವೆಂಬ ಭಯ ಅವರನ್ನು ಆಳುತ್ತಿತ್ತು. ಆದರೂ ಬೇಲಿಯ ಹೊರಗೆ ನಿಂತ ತಾಯಿಮಕ್ಕಳ ಪಾಲಿಗೆ ವಂಶಾವಳಿಯೆಂದರೆ ಮುಚ್ಚಿದ ಬಾಗಿಲೇ ಸರಿ.

ಆ ಬಾಗಿಲನ್ನು ಮೊದಲು ತಟ್ಟಿದ್ದು ಕ್ರೈಸ್ತಧರ್ಮವೆಂದು ಹೇಳಲಾಗದು. ಯೆಹೂದ್ಯರ ಶಾಸ್ತ್ರಗಳೊಳಗೇ ಅದರ ಸದ್ದು ಕೇಳುತ್ತದೆ. ಮೋವಾಬ್ಯರು ಹತ್ತನೆಯ ತಲೆಮಾರಿನವರಾದರೂ ದೇವರ ಸಭೆಯನ್ನು ಸೇರಬಾರದೆಂದು ಧರ್ಮೋಪದೇಶಕಾಂಡ ನಿಷೇಧಿಸುತ್ತದೆ. ಅದೇ ಶಾಸ್ತ್ರಸಮೂಹದಲ್ಲಿ, ಗಂಡನನ್ನು ಕಳೆದುಕೊಂಡ ರೂತಳೆಂಬ ಮೋವಾಬ್ಯ ಹೆಣ್ಣು ಅತ್ತೆಯ ಕೈಬಿಡದೆ ಬೇತ್ಲೆಹೇಮಿಗೆ ಬಂದು, ಹಕ್ಕಲು ಆಯ್ದು, ಬೋವಜನ ಹೆಂಡತಿಯಾದ ಕಥೆಯಿದೆ. ಈ ಕಥೆಯನ್ನು ಬರೆದ ಕಾಲದ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಎಜ್ರನ ಕಟ್ಟಳೆಗೆ ಇದು ಮರುಮಾತೆಂದು ಭಾವಿಸುವವರಿದ್ದಾರೆ. ಅದೇನೇ ಇರಲಿ, ಕಥೆ ಮುಗಿಯುವುದು ಒಂದು ವಂಶಾವಳಿಯಿಂದ. ರೂತಳ ಮಗ ಓಬೇದ, ಅವನ ಮಗ ಇಷಯ, ಇಷಯನ ಮಗ ದಾವೀದ. ಸಭೆಗೆ ಸೇರಬಾರದವಳ ಮರಿಮಗನೇ ಸಿಂಹಾಸನವೇರಿದನೆಂದು ಪಟ್ಟಿ ಮೆಲ್ಲಗೆ ಹೇಳಿ ಸುಮ್ಮನಾಗುತ್ತದೆ.

ಕ್ರಿಸ್ತನ ಕಾಲಕ್ಕೆ ವಂಶದಾಖಲೆಗಳ ಗೌರವ ಕಡಮೆಯಾಗಿರಲಿಲ್ಲ. ಒಂದನೆಯ ಶತಮಾನದ ಯೆಹೂದ್ಯ ಇತಿಹಾಸಕಾರನಾದ ಜೋಸೆಫಸನು ತನ್ನ ಆತ್ಮಚರಿತ್ರೆಯನ್ನು ಆರಂಭಿಸುವುದೇ ವಂಶಾವಳಿಯಿಂದ. ಅದನ್ನು ಸಾರ್ವಜನಿಕ ದಾಖಲೆಗಳಲ್ಲಿ ಕಂಡಂತೆಯೇ ಕೊಟ್ಟಿರುವುದಾಗಿ ಹೇಳುತ್ತಾನೆ. ಈಜಿಪ್ಟ್, ಬಾಬಿಲೋನ್ ಮುಂತಾದ ಪರದೇಶಗಳಲ್ಲಿದ್ದ ಯಾಜಕರು ಕೂಡ ಮದುವೆಯಾಗುವಾಗ ಹೆಣ್ಣಿನ ತಂದೆತಾಯಿಗಳ ಮತ್ತು ಹಿರಿಯರ ಹೆಸರುಗಳನ್ನು ಯೆರೂಸಲೇಮಿಗೆ ಬರೆದುಕಳುಹಿಸುತ್ತಿದ್ದರೆಂದು ಮತ್ತೊಂದು ಗ್ರಂಥದಲ್ಲಿ ತಿಳಿಸಿದ್ದಾನೆ. ಮತ್ತಾಯನು ಬರೆದದ್ದು ವಂಶಾವಳಿಯ ಬೆಲೆಯನ್ನು ಚೆನ್ನಾಗಿ ಬಲ್ಲ ಇಂಥ ಜನರಿಗಾಗಿ.

ಈಗ ಅವನ ಪಟ್ಟಿಯನ್ನು ನೋಡೋಣ. ಅಬ್ರಹಾಮನಿಂದ ದಾವೀದನವರೆಗೆ ಹದಿನಾಲ್ಕು ತಲೆಮಾರು, ದಾವೀದನಿಂದ ಸೆರೆಯವರೆಗೆ ಹದಿನಾಲ್ಕು, ಸೆರೆಯಿಂದ ಕ್ರಿಸ್ತನವರೆಗೆ ಹದಿನಾಲ್ಕು ಎಂದು ಅವನೇ ಲೆಕ್ಕ ಹೇಳುತ್ತಾನೆ. ಈ ಲೆಕ್ಕ ಕೂಡಿಬರಲೆಂದು ನಡುವಣ ಭಾಗದಲ್ಲಿ ಅಹಜ್ಯ, ಯೋವಾಷ, ಅಮಚ್ಯ ಎಂಬ ಮೂವರು ಅರಸರನ್ನು ಬಿಟ್ಟಿದ್ದಾನೆ. ಕೊನೆಯ ಭಾಗದಲ್ಲಿ ಎಣಿಸಿದರೆ ಹೊಸ ಹೆಸರುಗಳು ಹದಿಮೂರೇ ಸಿಕ್ಕುತ್ತವೆ. ಹೀಬ್ರೂ ಭಾಷೆಯಲ್ಲಿ ಅಕ್ಷರಗಳಿಗೆ ಸಂಖ್ಯಾಬೆಲೆಯುಂಟು. ದಾವೀದನ ಹೆಸರಿನ ಮೂರು ಅಕ್ಷರಗಳನ್ನು ಕೂಡಿಸಿದರೆ ಹದಿನಾಲ್ಕಾಗುತ್ತದೆ. ಮತ್ತಾಯನ ಮನಸ್ಸಿನಲ್ಲಿ ಇದೇ ಇದ್ದಿರಬೇಕೆಂದು ಹಲವು ವಿದ್ವಾಂಸರ ಊಹೆ. ಏನೇ ಆಗಲಿ, ಹೆಸರುಗಳನ್ನು ಆರಿಸಿ ಜೋಡಿಸಿದವನು ಅವನು ಎಂಬುದು ಸ್ಪಷ್ಟ. ಅರಸರನ್ನೇ ಬಿಡಬಲ್ಲವನು ಯಾರನ್ನು ಉಳಿಸಿಕೊಂಡನೆಂಬುದು ಆದಕಾರಣ ವಿಚಾರಾರ್ಹವಾಗುತ್ತದೆ.

ಯೇಸುವಿನ ತಾಯಿಯನ್ನು ಬಿಟ್ಟರೆ ಆ ಪಟ್ಟಿಯಲ್ಲಿ ನಾಲ್ವರು ಹೆಂಗಸರಿದ್ದಾರೆ. ಸಾರ, ರೆಬೆಕ್ಕ, ರಾಹೇಲ ಮುಂತಾದ ಪೂಜ್ಯಮಾತೆಯರು ಇಲ್ಲಿ ಇಲ್ಲ. ಇರುವವರಲ್ಲಿ ಮೊದಲನೆಯವಳು ತಾಮಾರ. ಮಗನಿಲ್ಲದೆ ಗಂಡ ಸತ್ತರೆ ಅವನ ತಮ್ಮನು ವಿಧವೆಯಲ್ಲಿ ಅಣ್ಣನಿಗಾಗಿ ಸಂತಾನವನ್ನು ಪಡೆಯಬೇಕೆಂಬುದು ಆ ಜನರ ಮೈದುನಧರ್ಮ. ನಮ್ಮ ಧರ್ಮಶಾಸ್ತ್ರಗಳ ನಿಯೋಗವನ್ನು ಅದು ನೆನಪಿಗೆ ತರುತ್ತದೆ. ಮಾವನಾದ ಯೆಹೂದನು ತನ್ನ ಕೊನೆಯ ಮಗನನ್ನು ಕೊಡದೆ ಮಾತಿಗೆ ತಪ್ಪಿದಾಗ, ತಾಮಾರಳು ವೇಶ್ಯೆಯ ವೇಷದಲ್ಲಿ ದಾರಿಯಲ್ಲಿ ಕುಳಿತು ಮಾವನಿಂದಲೇ ಮಕ್ಕಳನ್ನು ಪಡೆದಳು. ಅವಳನ್ನು ಸುಡಹೊರಟ ಯೆಹೂದನೇ ಕೊನೆಗೆ ನ್ಯಾಯ ಅವಳ ಕಡೆಗಿದೆಯೆಂದು ಒಪ್ಪಬೇಕಾಯಿತು. ಎರಡನೆಯವಳು ರಾಹಾಬ, ಯೆರಿಕೋ ಪಟ್ಟಣದ ವೇಶ್ಯೆ, ಗೂಢಚಾರರಿಗೆ ಆಶ್ರಯ ಕೊಟ್ಟವಳು. ಮೂರನೆಯವಳು ಮೋವಾಬ್ಯಳಾದ ರೂತ. ನಾಲ್ಕನೆಯವಳ ಹೆಸರನ್ನು ಮತ್ತಾಯ ಹೇಳುವುದೇ ಇಲ್ಲ. ಊರೀಯನ ಹೆಂಡತಿಯಾಗಿದ್ದವಳೆಂದಷ್ಟೇ ಸೂಚಿಸುತ್ತಾನೆ. ಹಿತ್ತಿಯನಾದ ಊರೀಯನನ್ನು ಯುದ್ಧದ ಮುಂಚೂಣಿಯಲ್ಲಿ ಸಾಯುವಂತೆ ಮಾಡಿ ದಾವೀದನು ಅವನ ಹೆಂಡತಿ ಬತ್ಷೆಬೆಯನ್ನು ತೆಗೆದುಕೊಂಡನು. ಬತ್ಷೆಬೆಯ ಹೆಸರು ಬರೆದಿದ್ದರೆ ದಾವೀದನ ತಪ್ಪು ಮರೆಯಾಗಬಹುದಿತ್ತು. ಕೊಲೆಯಾದವನ ಹೆಸರನ್ನು ಬರೆದದ್ದರಿಂದ ಅದು ರಾಜವಂಶದ ದಾಖಲೆಯಲ್ಲಿಯೇ ಉಳಿಯಿತು. ಹೊರಗಿನವರು, ಅಥವಾ ಹೊರಗಿನವರೊಡನೆ ಬೆರೆತವರು, ಜನರ ಬಾಯಿಗೆ ಬಿದ್ದವರು, ಅನ್ಯಾಯಕ್ಕೆ ಒಳಗಾದವರು. ಇವರಿಲ್ಲದಿದ್ದರೆ ಮೆಸ್ಸೀಯನ ವಂಶವೇ ಮುಂದುವರಿಯುತ್ತಿರಲಿಲ್ಲವೆಂದು ಮತ್ತಾಯ ಎತ್ತಿ ತೋರಿಸುತ್ತಾನೆ.

ಗಂಡಸರ ಪಟ್ಟಿಯೂ ಅಷ್ಟೇನೂ ನಿರ್ಮಲವಲ್ಲ. ಆಹಾಜ, ಮನಸ್ಸೆ ಮೊದಲಾದ ದುಷ್ಟರಾಜರು ಅದರಲ್ಲಿದ್ದಾರೆ. ಯೆಕೊನ್ಯನಿದ್ದಾನೆ, ಇವನನ್ನು ಸಂತಾನಹೀನನೆಂದು ಬರೆಯಿರಿ, ಇವನ ಪೀಳಿಗೆಯವರಾರೂ ಸಿಂಹಾಸನವೇರರು ಎಂಬ ಅರ್ಥದ ಶಾಪವನ್ನು ಪ್ರವಾದಿ ಯೆರೆಮೀಯನು ನುಡಿದಿದ್ದನು. ಈ ಯೆಕೊನ್ಯ ಬರಿಯ ಹೆಸರಲ್ಲ. ಬಾಬಿಲೋನಿನಲ್ಲಿ ೧೮೯೯ರಿಂದ ೧೯೧೭ರವರೆಗೆ ಜರ್ಮನ್ ವಿದ್ವಾಂಸ ಕೋಲ್ಡೆವೈ ನಡೆಸಿದ ಉತ್ಖನನದಲ್ಲಿ ಅರಮನೆಯ ಉಗ್ರಾಣದ ಲೆಕ್ಕ ಬರೆದ ಜೇಡಿಮಣ್ಣಿನ ಫಲಕಗಳು ದೊರೆತವು. ವೈಡ್ನರ್ ಎಂಬ ಪಂಡಿತನು ೧೯೩೯ರಲ್ಲಿ ಅವನ್ನು ಪ್ರಕಟಿಸಿದನು. ಅವುಗಳಲ್ಲಿ ಯೆಹೂದದ ಅರಸನಾದ ಇದೇ ಯೆಕೊನ್ಯನಿಗೂ ಅವನ ಐವರು ಮಕ್ಕಳಿಗೂ ಅಳೆದುಕೊಟ್ಟ ಎಣ್ಣೆಯ ಲೆಕ್ಕವಿದೆ. ದಾವೀದನ ವಂಶದ ವಿಷಯದಲ್ಲಿಯೂ ಇಂಥದೇ ಸಾಕ್ಷ್ಯ ಸಿಕ್ಕಿದೆ. ಇಸ್ರೇಲಿನ ಉತ್ತರದಲ್ಲಿರುವ ತೇಲ್ ದಾನ್ ಎಂಬಲ್ಲಿ ೧೯೯೩ರಲ್ಲಿ ದೊರೆತ ಕ್ರಿ.ಪೂ. ಒಂಬತ್ತನೆಯ ಶತಮಾನದ ಅರಮಾಯಿಕ್ ಶಾಸನದಲ್ಲಿ ದಾವೀದನ ಮನೆತನದ ಉಲ್ಲೇಖವಿದೆಯೆಂದು ಬಹುಮಂದಿ ವಿದ್ವಾಂಸರು ಓದಿದ್ದಾರೆ. ಇಡೀ ವಂಶಾವಳಿಯನ್ನು ಇವು ಸಿದ್ಧಪಡಿಸುವುದಿಲ್ಲ. ಆದರೆ ಅದರ ಕೆಲವು ಹೆಸರುಗಳು ನೆಲದ ಮೇಲೆ ನಡೆದಾಡಿದವರ ಹೆಸರುಗಳೆಂಬುದನ್ನು ತೋರಿಸುತ್ತವೆ.

ಪಟ್ಟಿಯ ಅತ್ಯಂತ ವಿಚಿತ್ರವಾದ ಸ್ಥಳ ಅದರ ಕೊನೆ. ಕನ್ನಡ ಬೈಬಲಿನಲ್ಲಿ ಓದಿದವರಿಗೆ ‘ಪಡೆದನು’ ಎಂಬ ಕ್ರಿಯಾಪದ ಗಡಿಯಾರದ ಸಪ್ಪಳದಂತೆ ಮರಳಿ ಮರಳಿ ಕೇಳಿಸುತ್ತದೆ. ಮೂಲ ಗ್ರೀಕಿನಲ್ಲಿ ಅದು ಮೂವತ್ತೊಂಬತ್ತು ಸಲ ಬರುತ್ತದೆ. ಯೋಸೇಫನ ಬಳಿಗೆ ಬಂದಾಗ ಆ ಸಪ್ಪಳ ನಿಲ್ಲುತ್ತದೆ. ಯೋಸೇಫನು ಯೇಸುವನ್ನು ಪಡೆದನೆಂದು ಮತ್ತಾಯ ಹೇಳುವುದಿಲ್ಲ. ಯೋಸೇಫನು ಮರಿಯಳ ಗಂಡ, ಯೇಸು ಹುಟ್ಟಿದ್ದು ಮರಿಯಳಲ್ಲಿ ಎಂದು ವಾಕ್ಯವನ್ನೇ ತಿರುಗಿಸುತ್ತಾನೆ. ಹಾಗಾದರೆ ಯೋಸೇಫನ ಮೂಲಕ ಬಂದ ದಾವೀದನ ವಂಶ ಯೇಸುವಿಗೆ ಸಂದದ್ದು ಹೇಗೆ? ಯೋಸೇಫನು ಮಗುವಿಗೆ ಹೆಸರಿಟ್ಟು ತನ್ನದೆಂದು ಸ್ವೀಕರಿಸಿದ್ದರಿಂದ. ಇಡೀ ಸರಪಳಿಯ ಕೊನೆಯ ಕೊಂಡಿ ರಕ್ತದಿಂದ ಆದುದಲ್ಲ, ಸ್ವೀಕಾರದಿಂದ ಆದುದು. ಬರ್ಜಿಲ್ಲೈಯ ಮನೆತನದವರನ್ನು ಹೊರಗಿಟ್ಟ ಅಳತೆಗೋಲಿನಿಂದ ಅಳೆದರೆ ಇಲ್ಲಿ ಏನಾಗುತ್ತಿತ್ತೋ ವಾಚಕರೇ ಊಹಿಸಬಹುದು.

ಲೂಕನ ಸುವಾರ್ತೆಯಲ್ಲಿಯೂ ಒಂದು ವಂಶಾವಳಿಯಿದೆ. ಅದು ಯೇಸುವಿನಿಂದ ಹಿಂದಕ್ಕೆ ನಡೆದು, ಅಬ್ರಹಾಮನಲ್ಲಿ ನಿಲ್ಲದೆ, ಆದಾಮನನ್ನು ಮುಟ್ಟಿ ದೇವರಲ್ಲಿ ಕೊನೆಗೊಳ್ಳುತ್ತದೆ. ಅಬ್ರಹಾಮನವರೆಗೆ ಹೋದದ್ದು ಒಂದು ಜನಾಂಗದ ವಂಶಾವಳಿ. ಆದಾಮನವರೆಗೆ ಹೋದದ್ದು ಮನುಷ್ಯಕುಲದ ವಂಶಾವಳಿ. ಆದರೆ ಎರಡು ಪಟ್ಟಿಗಳೂ ಹೊಂದುವುದಿಲ್ಲ. ಮತ್ತಾಯನ ಪಟ್ಟಿ ದಾವೀದನ ಮಗನಾದ ಸೊಲೊಮೋನನ ಮೂಲಕ ಇಳಿದರೆ ಲೂಕನದು ಇನ್ನೊಬ್ಬ ಮಗನಾದ ನಾತಾನನ ಮೂಲಕ ಇಳಿಯುತ್ತದೆ. ಯೋಸೇಫನ ತಂದೆ ಒಂದರಲ್ಲಿ ಯಾಕೋಬ, ಇನ್ನೊಂದರಲ್ಲಿ ಹೇಲೀ. ಈ ವೈರುಧ್ಯ ಪ್ರಾಚೀನರ ಕಣ್ಣಿಗೂ ಬಿದ್ದಿತ್ತು. ಮೂರನೆಯ ಶತಮಾನದ ಆರಂಭದಲ್ಲಿ ಜೂಲಿಯಸ್ ಆಫ್ರಿಕಾನಸನು ಮೈದುನಧರ್ಮದ ಆಧಾರದಿಂದ ಇದಕ್ಕೆ ಪರಿಹಾರ ಹೇಳಿದನು: ಯಾಕೋಬ ಹೇಲೀ ಇಬ್ಬರೂ ಒಬ್ಬ ತಾಯಿಯ ಮಕ್ಕಳು, ಹೇಲೀ ಮಕ್ಕಳಿಲ್ಲದೆ ಸಾಯಲು ಯಾಕೋಬನು ಅವನ ಹೆಂಡತಿಯಲ್ಲಿ ಯೋಸೇಫನನ್ನು ಪಡೆದನು, ಆದಕಾರಣ ಒಬ್ಬನು ಜನ್ಮದಿಂದ ತಂದೆ, ಇನ್ನೊಬ್ಬನು ಧರ್ಮದಿಂದ ತಂದೆ. ಇಂದಿನ ವಿದ್ವಾಂಸರಲ್ಲಿ ಹಲವರು ಈ ಸಮನ್ವಯವನ್ನು ಒಪ್ಪುವುದಿಲ್ಲ. ಎರಡು ಪಟ್ಟಿಗಳನ್ನೂ ಬೇರೆ ಬೇರೆ ಉದ್ದೇಶದ ರಚನೆಗಳೆಂದೇ ಓದುತ್ತಾರೆ. ಗಮನಿಸಬೇಕಾದ ಸಂಗತಿಯೆಂದರೆ, ತೊಡಕಿದೆಯೆಂದು ತಿಳಿದೂ ಸಭೆ ಒಂದನ್ನು ತಿದ್ದಿ ಇನ್ನೊಂದಕ್ಕೆ ಹೊಂದಿಸಲಿಲ್ಲ.

ವಂಶಾವಳಿಯನ್ನೇ ಕಿತ್ತುಹಾಕುವ ಸುಲಭದ ದಾರಿಯೂ ಇತ್ತು. ಎರಡನೆಯ ಶತಮಾನದ ಮಾರ್ಸಿಯನನು ಹಿಡಿದದ್ದು ಅದನ್ನೇ. ಯೆಹೂದ್ಯರ ದೇವರೇ ಬೇರೆ, ಕ್ರಿಸ್ತನ ತಂದೆಯೇ ಬೇರೆ ಎಂದು ಅವನ ಮತ. ಹಳೆಯ ಒಡಂಬಡಿಕೆಯನ್ನು ಅವನು ತೊರೆದನು; ಅವನ ಸುವಾರ್ತೆ ಲೂಕನದನ್ನು ಹೋಲುತ್ತಿದ್ದರೂ ಅದರಲ್ಲಿ ಯೇಸುವಿನ ಜನನವಾಗಲಿ ವಂಶಾವಳಿಯಾಗಲಿ ಇರಲಿಲ್ಲ. ಹಿರಿಯರಿಲ್ಲದ, ಬಾಲ್ಯವಿಲ್ಲದ ಕ್ರಿಸ್ತನು ತಿಬೇರಿಯ ಚಕ್ರವರ್ತಿಯ ಹದಿನೈದನೆಯ ವರ್ಷದಲ್ಲಿ ಒಮ್ಮೆಲೇ ಕಾಣಿಸಿಕೊಂಡನು. ಕ್ರಿ.ಶ. ೧೪೪ರಲ್ಲಿ ರೋಮಿನ ಸಭೆ ಮಾರ್ಸಿಯನನನ್ನು ಹೊರಹಾಕಿತು. ಕ್ರಿಸ್ತನು ನಿಜವಾಗಿಯೂ ಮನುಷ್ಯನಾಗಿ, ಒಂದು ಜನಾಂಗದಲ್ಲಿ, ಒಂದು ಮನೆಯಲ್ಲಿ ಹುಟ್ಟಿದನೆಂಬ ವಿಶ್ವಾಸಕ್ಕೆ ಆ ಬೇಸರದ ಪಟ್ಟಿ ಗೂಟವಾಗಿತ್ತು. ಅದನ್ನು ಕಿತ್ತರೆ ಡೇರೆಯೇ ಹಾರಿಹೋಗುತ್ತಿತ್ತು.

ಹೀಗೆ ವಂಶಾವಳಿಯನ್ನು ಬಿಡದೆ ಹಿಡಿದ ಸಭೆ, ಅದರ ಮೇಲೆ ಹಕ್ಕು ಸ್ಥಾಪಿಸುವುದನ್ನು ಮಾತ್ರ ಒಪ್ಪಲಿಲ್ಲ. ಅಬ್ರಹಾಮನೇ ನಮ್ಮ ತಂದೆಯೆಂದು ಬೀಗಬೇಡಿ, ದೇವರು ಈ ಕಲ್ಲುಗಳಿಂದಲೂ ಅವನಿಗೆ ಮಕ್ಕಳನ್ನು ಹುಟ್ಟಿಸಬಲ್ಲನೆಂಬ ಸ್ನಾನಿಕನಾದ ಯೋಹಾನನ ಎಚ್ಚರಿಕೆಯನ್ನು ಮತ್ತಾಯನೇ ಎರಡು ಅಧ್ಯಾಯಗಳಾಚೆ ಬರೆದಿದ್ದಾನೆ. ಬೆನ್ಯಾಮೀನನ ಕುಲದವನೆಂದು ಹೇಳಿಕೊಳ್ಳಬಲ್ಲವನಾಗಿದ್ದ ಪೌಲನು ಆ ಹೆಮ್ಮೆಯನ್ನು ನಷ್ಟದ ಲೆಕ್ಕಕ್ಕೆ ಬರೆದು, ವಿಶ್ವಾಸವಿಟ್ಟವರೆಲ್ಲರೂ ಅಬ್ರಹಾಮನ ಮಕ್ಕಳೆಂದು ವಾದಿಸಿದನು. ಮುಗಿವಿಲ್ಲದ ವಂಶಾವಳಿಗಳಲ್ಲಿ ಮನಸ್ಸಿಟ್ಟು ಜಗಳವಾಡಬೇಡಿರೆಂದು ತಿಮೊಥೆಯನಿಗೂ ತೀತನಿಗೂ ಬರೆದ ಪತ್ರಗಳು ಬುದ್ಧಿ ಹೇಳುತ್ತವೆ.

ಈ ಎರಡು ಭಾವಗಳೂ ಕೂಡಿಬಂದ ಒಂದು ಪ್ರಸಂಗವನ್ನು ಹೆಗೆಸಿಪ್ಪಸನೆಂಬವನು ಬರೆದಿಟ್ಟಿದ್ದನ್ನು ನಾಲ್ಕನೆಯ ಶತಮಾನದ ಸಭಾಚರಿತ್ರಕಾರ ಯೂಸೆಬಿಯಸನು ಉಳಿಸಿಕೊಟ್ಟಿದ್ದಾನೆ. ಕ್ರಿ.ಶ. ೮೧ರಿಂದ ೯೬ರವರೆಗೆ ಆಳಿದ ದೊಮಿಷಿಯನ್ ಚಕ್ರವರ್ತಿ ದಾವೀದನ ವಂಶಜರಿಂದ ದಂಗೆಯಾದೀತೆಂದು ಹೆದರಿ, ಯೇಸುವಿನ ತಮ್ಮ ಯೂದನ ಮೊಮ್ಮಕ್ಕಳನ್ನು ಹಿಡಿದು ತರಿಸಿದನಂತೆ. ನೀವು ದಾವೀದನ ವಂಶದವರೋ ಎಂದು ಕೇಳಿದಾಗ ಅವರು ಹೌದೆಂದರು. ಆಸ್ತಿ ಎಷ್ಟೆಂದು ಕೇಳಿದರೆ, ಇಬ್ಬರಿಗೂ ಸೇರಿ ಒಂಬತ್ತು ಸಾವಿರ ದಿನಾರಿ ಬೆಲೆಯ ಹೊಲ, ಅದನ್ನು ತಾವೇ ಉತ್ತು ಕಂದಾಯ ಕಟ್ಟುತ್ತೇವೆ ಎಂದು ಹೇಳಿ, ದುಡಿದು ಜಡ್ಡುಗಟ್ಟಿದ ಅಂಗೈಗಳನ್ನು ಚಾಚಿ ತೋರಿಸಿದರು. ಚಕ್ರವರ್ತಿ ಅವರನ್ನು ತಿರಸ್ಕಾರದಿಂದ ಬಿಟ್ಟುಕಳುಹಿಸಿದನು. ರಾಜವಂಶದ ಹೆಸರನ್ನು ಅವರು ಮುಚ್ಚಿಡಲಿಲ್ಲ. ಅದರಿಂದ ಏನನ್ನೂ ಬೇಡಲೂ ಇಲ್ಲ.

ಕ್ರೈಸ್ತ ವಿಶ್ವಾಸದಲ್ಲಿ ವಂಶಾವಳಿಗಿರುವ ಸ್ಥಾನ ಇದೇ ಎಂದು ತೋರುತ್ತದೆ. ದೇವರು ಮನುಷ್ಯರ ಚರಿತ್ರೆಯೊಳಗೆ, ಅದರ ಕೆಸರನ್ನೂ ಕೂಡಿಕೊಂಡು ಬಂದನೆಂಬುದಕ್ಕೆ ಅದು ಸಾಕ್ಷಿ. ಯಾರನ್ನಾದರೂ ಹೊರಗೆ ನಿಲ್ಲಿಸುವುದಕ್ಕೆ ಅದು ಸಾಧನವಲ್ಲ. ಈ ಮಾತನ್ನು ಕ್ರೈಸ್ತ ಸಮಾಜಗಳು ಎಲ್ಲ ಕಾಲದಲ್ಲಿಯೂ ನಡೆಸಿಕೊಂಡು ಬಂದಿಲ್ಲ. ಹದಿನೈದನೆಯ ಶತಮಾನದ ಸ್ಪೇನಿನಲ್ಲಿ ಯೆಹೂದ್ಯ ಮೂಲದ ಕ್ರೈಸ್ತರನ್ನು ರಕ್ತಶುದ್ಧಿಯ ಹೆಸರಿನಲ್ಲಿ ಅಧಿಕಾರಗಳಿಂದ ದೂರವಿಟ್ಟ ಕಾನೂನುಗಳು ಹುಟ್ಟಿದವು. ೧೪೪೯ರಲ್ಲಿ ತೊಲೇದೋ ನಗರದಲ್ಲಿ ಅದರ ಆರಂಭ. ಆ ಅಳತೆಯಿಂದ ನೋಡಿದರೆ ಸ್ವತಃ ಯೇಸುವಿಗೇ ಅಲ್ಲಿ ಒಂದು ಗುಮಾಸ್ತೆಯ ಕೆಲಸವೂ ಸಿಕ್ಕುತ್ತಿರಲಿಲ್ಲ. ಮುಚ್ಚಿದ ಬಾಗಿಲು ತೆರೆದ ಮೇಲೂ ಮತ್ತೆ ಮುಚ್ಚಿಕೊಳ್ಳಬಲ್ಲುದು. ಅದಕ್ಕೇ ಮತ್ತಾಯನ ಮೊದಲ ಪುಟವನ್ನು ಹಾರಿಸದೆ ಓದಬೇಕು.

ಎಜ್ರನ ಪುಟವನ್ನೂ ಓದಬೇಕು. ದಾಖಲೆ ಸಿಕ್ಕದೆ ಹೊರಗುಳಿದ ಆ ಮನೆತನಗಳ ಹೆಸರು ಹಬಯ್ಯ, ಹಕ್ಕೋಚ, ಬರ್ಜಿಲ್ಲೈ. ಅವರ ಪಟ್ಟಿ ಕಳೆದುಹೋಯಿತು. ಅವರು ಅದನ್ನು ಹುಡುಕಿದರೆಂಬ ಸಂಗತಿಯನ್ನೂ ಅವರ ಹೆಸರುಗಳನ್ನೂ ಎರಡೂವರೆ ಸಾವಿರ ವರ್ಷ ಕಾಪಾಡಿಕೊಂಡು ಬಂದದ್ದು, ಅವರನ್ನು ಹೊರಗಿಟ್ಟ ಅದೇ ಗ್ರಂಥ.